ಎಬೆನ್ ಪ್ರಾಸರನ ನುಣ್ಣನೆಯ ಗಲ್ಲ

ಹೊಸ ಚರ್ಚಿನ ಸೂರಿಗೆ ಕೊನೆಯ ಹಲಗೆ ಹೊಡೆದು ಇಳಿಯುವಷ್ಟರಲ್ಲಿ ಶನಿವಾರದ ಸೂರ್ಯ ಮುಳುಗಿಬಿಟ್ಟಿದ್ದ. ಎಬೆನ್ ಪ್ರಾಸರ್ ಮನೆಗೆ ಬಂದವನೇ ಬೂಟೂ ಬಿಚ್ಚದೆ ಮಲಗಿದ. ಬೆಳಗ್ಗೆ ಗಲ್ಲ ಸವರಿಕೊಂಡರೆ ವಾರದ ಗಡ್ಡ ಹಾಗೇ ಇತ್ತು!

ವೇಲ್ಸ್ ಬಿಟ್ಟು ಕಡಲು ದಾಟಿ ವಿಸ್ಕಾನ್ಸಿನ್ನಿಗೆ ಬಂದರೂ ನಮ್ಮವರು ಭಾನುವಾರದ ಕಟ್ಟುನಿಟ್ಟು ಬಿಟ್ಟಿರಲಿಲ್ಲ. ಆ ದಿನ ಕ್ಷೌರದ ಕತ್ತಿ ಮುಟ್ಟುವಂತಿಲ್ಲ, ಆಲೂಗಡ್ಡೆಯನ್ನೂ ಹಿಂದಿನ ದಿನವೇ ಸುಲಿದಿಡಬೇಕು. ಆದರೆ ಇವತ್ತು ಮೊದಲ ಆರಾಧನೆ. ಹಾಡೆತ್ತಿಕೊಡುವವನನ್ನು ಆರಿಸಿ, ಮುಂದೆ ಹಿರಿಯರ ಸಾಲಿನಲ್ಲಿ ಕೂರಿಸುವ ದಿನ. ಆ ಜಾಗಕ್ಕಾಗಿ ಎಬೆನ್ ಹಡಗು ಹತ್ತಿದಾಗಿನಿಂದಲೂ ಜೊಲ್ಲು ಸುರಿಸುತ್ತಿದ್ದ.

"ಇರ್ಲಿ ಬಿಡ್ರೀ, ದೇವರೇನು ಗಲ್ಲ ಸವರಿ ನೋಡ್ತಾನಾ?" ಎಂದಳು ಹೆಂಡತಿ ಲೌರಿ.

"ದೇವರು ನೋಡಲ್ಲ ಕಣೇ, ಚರ್ಚಿನ ಹಿರಿಯ ರೀಸ್ ನೋಡ್ತಾರೆ!"

ಕೊಟ್ಟಿಗೆಯಲ್ಲಿ ಅವಿತು ತಣ್ಣೀರಲ್ಲೇ ಗಡ್ಡ ಕೆರೆದುಕೊಂಡ. ಹಸು ಬಾಲ ಬೀಸಿತು, ಕೈ ಜಾರಿತು, ಗಲ್ಲದಲ್ಲಿ ರಕ್ತ. ಹೊರಗೆ ಬಂದರೆ ಬೇಲಿಯ ಮೇಲೆ ಪಕ್ಕದ ಮನೆಯ ಶೋನೆಡ್‌ಳ ತಲೆ.

"ಗಲ್ಲಕ್ಕೇನಾಯ್ತೋ ಎಬೆನ್?"

"ಕೋಳಿ ಕುಕ್ತು ಅಕ್ಕಾ."

"ಅಯ್ಯೋ ಪಾಪ!" ಎಂದವಳೇ ಸುದ್ದಿ ಹೊತ್ತುಕೊಂಡು ಚರ್ಚಿನ ಕಡೆ ಓಡಿದಳು.

ಎಬೆನ್ ಎದೆಯುಬ್ಬಿಸಿ ಒಳಗೆ ಕಾಲಿಟ್ಟ. ರೀಸರಿಂದ ಹಿಡಿದು ಬೋಧಕರವರೆಗೆ ಎಲ್ಲ ಗಂಡಸರ ಮುಖದಲ್ಲೂ ಕುಯ್ದ ಹೊಲದ ಕೂಳೆಯಂಥ ಗಡ್ಡ! ನಿನ್ನೆ ಸೂರಿನ ಮೇಲಿದ್ದವನು ತಾನೊಬ್ಬನೇ ಅಲ್ಲ ಎಂಬುದು ಅವನಿಗೆ ಆಗ ಹೊಳೆಯಿತು. ಅಷ್ಟು ಜನರ ನಡುವೆ ಅವನೊಬ್ಬನೇ ಸುಲಿದ ಮೊಟ್ಟೆಯಂತೆ ಮಿನುಗುತ್ತಿದ್ದ.

"ಗಡ್ಡಾನೂ ಕೋಳೀನೇ ಕುಕ್ತೇನಯ್ಯಾ?" ಎಂದರು ರೀಸ್.

ಎಬೆನ್ನನಿಗೆ ಬಾಗಿಲ ಪಕ್ಕದ ಕಡೇ ಬೆಂಚಾಯಿತು, ಹಾಡೆತ್ತಿಕೊಡಲು ಕೂಳೆಗಡ್ಡದ ಮಾಸ್ಟಿನ್ ಎಂಬವನು ಹಿರಿಯರ ಸಾಲಿಗೆ ಹೋದ. ಎಬೆನ್ನನ ಹೊಟ್ಟೆ ಉರಿದು ಕಣ್ಣಲ್ಲಿ ನೀರೇ ಬಂತು.

ಮಾಸ್ಟಿನ್ ಗಂಟಲು ಸರಿಮಾಡಿಕೊಂಡು ಹಾಡೆತ್ತಿದ. ಎತ್ತಿದ್ದು ಎಷ್ಟು ಮೇಲಕ್ಕೆಂದರೆ ಹೆಂಗಸರು ಕೀರಲು ದನಿ ಹೊರಡಿಸಿದರು, ಗಂಡಸರು ಬರೀ ಬಾಯಿ ತೆರೆದು ನಿಂತರು. ಎಬೆನ್ನನಿಗೆ ತಡೆಯಲಾಗಲಿಲ್ಲ. ಹಿಂದಿನಿಂದಲೇ ಅದೇ ಸಾಲನ್ನು ತಗ್ಗಿಸಿ ಹಿಡಿದ. ಒಬ್ಬೊಬ್ಬರಾಗಿ ಅವನ ದನಿಗೆ ದನಿ ಕೂಡಿಸಿದರು. ಹಸಿ ಹಲಗೆಯ ಸೂರು ಗುಂಯ್ಗುಟ್ಟಿತು. ದುಃಖವೆಲ್ಲ ಮರೆತು ಅವನು ಕಣ್ಣುಮುಚ್ಚಿ ಸಂತೋಷವಾಗಿ ಹಾಡಿದ.

ಆರಾಧನೆ ಮುಗಿದ ಮೇಲೆ ರೀಸ್ ಬಂದು ಹೆಗಲ ಮೇಲೆ ಕೈಯಿಟ್ಟರು. ಎಬೆನ್ ಆಸೆಯಿಂದ ಕತ್ತೆತ್ತಿದ.

"ಎಂಥಾ ದನಿಯಯ್ಯಾ ನಿಂದು! ಹಿಂದಿನಿಂದ ಬಂದಿದ್ದಕ್ಕೇ ಎಲ್ರಿಗೂ ಕೇಳಿಸ್ತು. ಇನ್ಮೇಲೆ ಆ ಕಡೇ ಬೆಂಚು ಖಾಯಮ್ಮಾಗಿ ನಿಂದೇ, ಯಾರು ಕರೆದ್ರೂ ಮುಂದೆ ಬರಬೇಡ!"