ಮನೆಯಿಂದ ಮನೆಗೇ ದಾರಿ

ಚೆನ್ನಾಗಿ ಓಡುತ್ತಿದ್ದ ಇಂಟರ್ನೆಟ್ಟನ್ನು ರಿಪೇರಿ ಮಾಡಿದವನು ನಾನು. ತಪ್ಪೊಪ್ಪಿಗೆ ಇಷ್ಟೇ, ಮಿಕ್ಕದ್ದು ವಿವರ.

ಆಗ ನಾವು ದಿಲ್ಲಿಯ ಸರ್ಕಾರಿ ಕ್ವಾರ್ಟರ್ಸಿನಲ್ಲಿದ್ದೆವು. ಅಪ್ಪ ಕೇಂದ್ರ ಸರ್ಕಾರದ ಗುಮಾಸ್ತರು. ನಾನು ಓಖ್ಲಾದ ಒಂದು ಆಫೀಸಿನಲ್ಲಿ ಕಂಪ್ಯೂಟರ್ ತಜ್ಞ, ಅಂದರೆ ಕೆಟ್ಟಾಗ ಆಫ್ ಮಾಡಿ ಆನ್ ಮಾಡುವವನು. ಹೊರಕೋಣೆಯ ನಮ್ಮ ಕಂಪ್ಯೂಟರಿಗೆ ವಿಂಡೋಸ್ ಬದಲು ಲಿನಕ್ಸ್ ಹಾಕಿದ್ದೆ. ಅದೇನೆಂದು ಇಡೀ ಬ್ಲಾಕಿನಲ್ಲಿ ಯಾರಿಗೂ ಗೊತ್ತಿಲ್ಲದ್ದರಿಂದ ನನಗೆ ಭಾರಿ ಮರ್ಯಾದೆಯಿತ್ತು.

ಕೊಡಗು ಮೂಲದ ಕಾವೇರಿ ಅಕ್ಕ ಆಗ ಮಗುವಿನೊಂದಿಗೆ ಕೆಳಗಿನ ಮಹಡಿಯ ತವರಿನಲ್ಲಿದ್ದರು. ಅವರ ಗಂಡ, ನಮಗೆಲ್ಲ ಕ್ಯಾಪ್ಟನ್ ಭಾವ, ವಿಶ್ವಸಂಸ್ಥೆಯ ಪಡೆಯಲ್ಲಿ ಆಫ್ರಿಕಾದಲ್ಲಿ ಶಾಂತಿ ಕಾಯಲು ಹೋಗಿದ್ದರು. ಭಾನುವಾರ ಮಧ್ಯಾಹ್ನ ಶಿಬಿರದ ಕಂಪ್ಯೂಟರಿನಲ್ಲಿ ಅವರಿಗೆ ಅರ್ಧ ಗಂಟೆ ಸರದಿ. ಅಕ್ಕ ಮಗಳನ್ನೆತ್ತಿಕೊಂಡು ಬಂದು ನಮ್ಮ ಕ್ಯಾಮೆರಾದ ಮುಂದೆ ಕೂರುತ್ತಿದ್ದರು. ಆ ವಾರವಷ್ಟೇ ಪುಟ್ಟಿ ನಡೆಯಲು ಕಲಿತಿದ್ದಳು. ಅದನ್ನು ನೋಡಲು ಭಾವ ಕಾದು ಕುಳಿತಿದ್ದರು.

ಅದೇ ಭಾನುವಾರ ಬೆಳಗ್ಗೆ ನನಗೆ ಜನಸೇವೆಯ ಉಮೇದು ಬಂತು. ಒಳಕೋಣೆಯ ಹಳೆ ಕಂಪ್ಯೂಟರಿಗೂ ಇಂಟರ್ನೆಟ್ ಕೊಡೋಣವೆಂದು ಎರಡರ ನಡುವೆ ವೈರು ಎಳೆದೆ. 'ನಿನಗೆ ದಾರಿ ಗೊತ್ತಿಲ್ಲದ್ದನ್ನೆಲ್ಲ ಇಂಥವರಿಗೆ ಕಳಿಸು' ಎಂದು ಪ್ರತಿ ಕಂಪ್ಯೂಟರಿಗೂ ಹೇಳಿಕೊಡಬೇಕು. ಒಳಗಿನದಕ್ಕೆ 'ಹೊರಗಿನದನ್ನು ಕೇಳು' ಎಂದೆ. ಅದು ಸರಿ. ಅದೇ ಹುಮ್ಮಸ್ಸಿನಲ್ಲಿ ಹೊರಗಿನದಕ್ಕೂ 'ಒಳಗಿನದನ್ನು ಕೇಳು' ಎಂದುಬಿಟ್ಟೆ.

ಇಂಟರ್ನೆಟ್ ನಿಂತಿತು.

"ನಿನ್ನೆವರೆಗೂ ಚೆನ್ನಾಗಿತ್ತಲ್ಲೋ?" ಎಂದರು ಅಮ್ಮ.

"ಈಗ ಇನ್ನೂ ಚೆನ್ನಾಗಾಗ್ತಾ ಇದೆ, ಸ್ವಲ್ಪ ತಡಿ."

ತಪ್ಪು ನನ್ನದಲ್ಲವೆಂದು ಖಾತ್ರಿಯಿದ್ದುದರಿಂದ ಕೇಬಲ್ಲಿನವನಿಗೆ ಫೋನು ಮಾಡಿ ಬೈದೆ. ಅವನು ತಣ್ಣಗೆ, "ಭಯ್ಯಾ, ಪೂರೇ ಬ್ಲಾಕ್ ಮೇಂ ಚಲ್ ರಹಾ ಹೈ. ಆಪ್‌ನೇ ಕುಛ್ ಛೇಡಾ ತೋ ನಹೀಂ?" ಎಂದ. ಇಡೀ ಬ್ಲಾಕಿಗೆ ಬರುತ್ತಿದೆ, ನೀವೇ ಏನಾದರೂ ಕೆಣಕಿದಿರಾ ಎಂದು ನನ್ನನ್ನೇ ಕೇಳುವುದೇ? ಮನನೊಂದು ಫೋನಿಟ್ಟೆ.

ಅಷ್ಟರಲ್ಲಿ ಕಾವೇರಿ ಅಕ್ಕ ಬಂದೇಬಿಟ್ಟರು. ಪುಟ್ಟಿಗೆ ಹೊಸ ಫ್ರಾಕು, ಕಾಲಿಗೆ ಗೆಜ್ಜೆ.

"ಶುರು ಮಾಡೋಣ್ವಾ? ಅವರು ಕೂತಿರ್ತಾರೆ."

"ಎರಡೇ ನಿಮಿಷ ಅಕ್ಕ," ಎಂದು ವೈರು ಬದಲಿಸಿದೆ. ಕಂಪ್ಯೂಟರನ್ನು ಆಫ್ ಮಾಡಿ ಆನ್ ಮಾಡಿದೆ. ತಜ್ಞನಲ್ಲವೇ. ಅಕ್ಕ ಗೋಡೆ ಗಡಿಯಾರ ನೋಡುತ್ತ ಮಗುವಿನ ಗೆಜ್ಜೆ ಸರಿಮಾಡುತ್ತಿದ್ದರು. ಬೈದಿದ್ದರೆ ವಾಸಿಯಿತ್ತು.

ಕೊನೆಗೆ, ನಾವು ಕಳಿಸಿದ್ದು ಎಲ್ಲೆಲ್ಲಿ ಹಾದು ಹೋಗುತ್ತದೆಂದು ಸಾಲಾಗಿ ತೋರಿಸುವ ಆಜ್ಞೆಯನ್ನು ಒತ್ತಿದೆ. ಪರದೆ ತುಂಬ ನಂಬರುಗಳು. ಅಪ್ಪ ಪೇಪರು ಮಡಚಿ ಹಿಂದೆ ಬಂದು ನಿಂತರು.

"ಎರಡೇ ನಂಬರು ಮತ್ತೆ ಮತ್ತೆ ಬರ್ತಿದೆಯಲ್ಲೋ. ಯಾರದು?"

"ಒಂದು ಒಳಕೋಣೇದು, ಇನ್ನೊಂದು ಈ ಕೋಣೇದು."

ಅಪ್ಪನ ಮುಖ ಅರಳಿತು. "ಇದು ನಮ್ಮ ಆಫೀಸಿನ ಫೈಲು ಕಣೋ. ನಾವು ಅಭಿಪ್ರಾಯ ತಿಳಿಸಿ ಅಂತ ಪಕ್ಕದ ಸೆಕ್ಷನ್ನಿಗೆ ಕಳಿಸ್ತೀವಿ, ಅವರು ಸೂಕ್ತ ಕ್ರಮಕ್ಕಾಗಿ ಅಂತ ನಮಗೇ ಕಳಿಸ್ತಾರೆ. ಬಿಲ್ಡಿಂಗ್ ಬಿಟ್ಟು ಆಚೆ ಹೋಗೋದೇ ಇಲ್ಲ."

ನೋಡುತ್ತಿದ್ದಂತೆ ಆ ಪಟ್ಟಿ ಮೂವತ್ತನೇ ಸಾಲಿಗೆ ಸುಸ್ತಾಗಿ ನಿಂತಿತು. ಫೈಲಾಗಿದ್ದರೆ ಅಪ್ಪ ನಿವೃತ್ತರಾಗುವವರೆಗೂ ಓಡುತ್ತಿತ್ತು.

ತೆಪ್ಪಗೆ ನನ್ನ ಸುಧಾರಣೆಯನ್ನೆಲ್ಲ ಅಳಿಸಿದೆ. ಪರದೆಯಲ್ಲಿ ಭಾವನ ಮುಖ ಮೂಡಿತು. ಸರದಿ ಮುಗಿಯುತ್ತ ಬಂದು, ಹಿಂದೆ ಇನ್ನೊಬ್ಬ ಅಧಿಕಾರಿ ಕೆಮ್ಮುತ್ತಿದ್ದ.

ಅಕ್ಕ ಪುಟ್ಟಿಯನ್ನು ಬಾಗಿಲ ಬಳಿ ನಿಲ್ಲಿಸಿ ಕೈಬಿಟ್ಟರು. ಅವಳು ಒಂದು ಹೆಜ್ಜೆಯಿಟ್ಟಳು. ತೂರಾಡಿದಳು. ಇನ್ನೊಂದಿಟ್ಟಳು. ಭಾವ ಬಾಯಿಗೆ ಕೈ ಅಡ್ಡ ಹಿಡಿದು ನೋಡುತ್ತಿದ್ದರು. ಪುಟ್ಟಿ ಘಲ್ ಘಲ್ ಎನ್ನುತ್ತ ನೇರವಾಗಿ ಪರದೆಯ ಮೇಲಿನ ತನ್ನಪ್ಪನ ಕಡೆಗೇ ನಡೆದಳು. ಮೇಜಿನ ಕೆಳಗೆ ಮಿಣುಕುತ್ತಿದ್ದ ಇಂಟರ್ನೆಟ್ ಡಬ್ಬಿಯ ಹಸಿರು ದೀಪ ಕಂಡಿತು. ಕೂತಳು. ಅದರ ವೈರು ಹಿಡಿದು ಎಳೆದಳು.

ಭಾವ ಬಾಯಿ ತೆರೆದಂತೆಯೇ ಪರದೆಯಲ್ಲಿ ಕಲ್ಲಾದರು.

ಮುಂದಿನ ಭಾನುವಾರ ಅಕ್ಕ ಅವರಿಗೆ ನನ್ನ ಸಾಹಸವನ್ನೆಲ್ಲ ವರದಿ ಮಾಡಿದರು. ಭಾವ ಕಣ್ಣಲ್ಲಿ ನೀರು ಬರುವಷ್ಟು ನಕ್ಕು, ನನ್ನನ್ನು ಕ್ಯಾಮೆರಾದ ಮುಂದೆ ಕರೆಸಿ ಹೇಳಿದರು:

"ನಿನಗೆ ದಿನವೆಲ್ಲಾ ಹುಡುಕಿದ್ರೂ ಸಿಗದ, ನನ್ನ ಹತ್ರ ಬರೋ ದಾರಿ ನನ್ನ ಮಗಳಿಗೆ ನಾಲ್ಕು ಹೆಜ್ಜೇಲಿ ಸಿಕ್ತಲ್ಲಪ್ಪ. ಇನ್ನು ಮೇಲೆ ಏನಾದ್ರೂ ರಿಪೇರಿ ಮಾಡೋದಿದ್ರೆ ಅವಳನ್ನ ಒಂದು ಮಾತು ಕೇಳು."