ಕಣ್ಣಿಗೊತ್ತಿಕೊಂಡ ಹೊಗೆ

ಭಕ್ತಿಯ ವಿಷಯದಲ್ಲಿ ನನ್ನ ಕೈ ಮುಂದೆ ಓಡುತ್ತದೆ, ಬುದ್ಧಿ ಹಿಂದಿನಿಂದ ಏದುಸಿರು ಬಿಡುತ್ತಾ ಬರುತ್ತದೆ. ಬಸ್ಸಿನ ಕಿಟಕಿಯಲ್ಲಿ ಗೋಪುರದಂಥದ್ದೇನಾದರೂ ಕಂಡರೆ ಸಾಕು, ಕೈ ತಾನಾಗಿ ಎದೆಗೆ ಬರುತ್ತದೆ. ಹೀಗೆ ಭದ್ರಾವತಿಯ ನೀರಿನ ಟ್ಯಾಂಕೊಂದಕ್ಕೆ ಎಷ್ಟೋ ವರ್ಷ ನಮಸ್ಕಾರ ಹಾಕಿದ್ದೇನೆ. ಅದರಿಂದ ಯಾರಿಗೂ ನಷ್ಟವಾಗಲಿಲ್ಲ ಬಿಡಿ. ಆದರೆ ಇದೇ ಕೈ ಒಮ್ಮೆ ನನ್ನ ನೌಕರಿಗೇ ಸಂಚಕಾರ ತಂದಿತ್ತು.

ಮಾಚೇನಹಳ್ಳಿಯ ಒಂದು ಸಣ್ಣ ಎರಕದ ಕಾರ್ಖಾನೆಯಲ್ಲಿ ನಾನು ಸೂಪರ್‌ವೈಸರ್. ಸುರಕ್ಷತಾ ಸಮಿತಿಗೂ ನಾನೇ ಯಜಮಾನ. "ಕುಲುಮೆ ಮುಂದೆ ನಿಲ್ಲೋರು ನಶೆಯಲ್ಲಿ ಇರಬಾರದು. ಎಲ್ಲರ ಮೂತ್ರ ಪರೀಕ್ಷೆ ಮಾಡಿಸಿ, ಸಿಕ್ಕಿಬಿದ್ದೋರನ್ನ ಮನೆಗೆ ಕಳಿಸಿ" ಎಂದು ಮೀಟಿಂಗಿನಲ್ಲಿ ಮೇಜು ಕುಟ್ಟಿದವನೂ ನಾನೇ. ಮ್ಯಾನೇಜರು ಮೆಚ್ಚಿ, ಬರುವ ಸೋಮವಾರವೇ ಆಗಲಿ ಎಂದರು.

ಹಿಂದಿನ ದಿನ, ಭಾನುವಾರ ಬೆಳಿಗ್ಗೆ, ನಾನೊಬ್ಬನೇ ಭದ್ರಾವತಿಗೆ ಹೋಗಿ ಅತ್ತೆಯ ಮನೆಯಲ್ಲಿದ್ದೆ. ಹೊಳೆದಂಡೆಯ ಮಂಟಪಕ್ಕೆ ಯಾರೋ ಬೈರಾಗಿ ಬಂದಿದ್ದಾನೆಂದು ಅತ್ತೆ ಎಳೆದುಕೊಂಡು ಹೋದರು. "ಅಳಿಯಂದ್ರೇ, ಮುಂದೆ ಕೂತ್ಕೊಳ್ಳಿ. ಹಿಂದೆ ಕೂತ್ರೆ ಏನ್ ಪುಣ್ಯ ಬರುತ್ತೆ?" ಕೂತೆ. ಆತ ಚಿಲುಮೆ ಎಳೆದು, ಶಂಭೋ ಎಂದು ಹೊಗೆ ಬಿಟ್ಟ. ಅದು ಸೀದಾ ನನ್ನ ಕಡೆಗೇ ಬಂತು. ಮಂಗಳಾರತಿ ಮುಂದೆ ಬಂದರೆ ಏನು ಮಾಡುತ್ತೇವೆ? ನನ್ನ ಕೈ ಅದನ್ನೇ ಮಾಡಿತು. ಎರಡೂ ಅಂಗೈಯಲ್ಲಿ ಹೊಗೆ ಬಾಚಿ ಕಣ್ಣಿಗೊತ್ತಿಕೊಂಡೆ. ಒಂದಲ್ಲ, ಮೂರು ಸಲ! ಅಳಿಯನ ಭಕ್ತಿ ಕಂಡು ಅತ್ತೆಯ ಕಣ್ಣು ತುಂಬಿತು. ಹೊಗೆಗೆ ನನ್ನದೂ ತುಂಬಿತು. ಅದು ಗಾಂಜಾ ಎಂದು ಬುದ್ಧಿಗೆ ಹೊಳೆದದ್ದು ಶಿವಮೊಗ್ಗದ ಬಸ್ಸು ಹತ್ತಿದ ಮೇಲೆ.

ಗೋಪಾಳ ಬಡಾವಣೆಯ ನಮ್ಮ ಮನೆಗೆ ಬಂದು ಹೆಂಡತಿ ಗಿರಿಜೆಯ ಮುಂದೆ ಗೋಳೋ ಎಂದೆ. "ಸೇದಿದ್ದು ಅವನು, ಸಿಕ್ಕಿಬೀಳೋದು ನೀವಾ? ಸುಮ್ನೆ ಮಲಗಿ ಮಾರಾಯ್ರೆ" ಎಂದಳು. ನನಗೆಲ್ಲಿ ಸಮಾಧಾನ? ನನ್ನ ಮಾತಿನ ಪ್ರಕಾರ ಮನೆಗೆ ಹೋಗಬೇಕಾದವನು ನಾನೇ ಅಲ್ಲವೇ! ಮೈಯೊಳಗಿನ ಹೊಗೆಯೆಲ್ಲ ತೊಳೆದುಹೋಗಲೆಂದು ಬಾರ್ಲಿ ನೀರು, ಎಳನೀರು, ಮಜ್ಜಿಗೆ ಎಲ್ಲ ಸೇರಿಸಿ ಒಂದು ಕೊಡದಷ್ಟು ಹೊಟ್ಟೆಗಿಳಿಸಿದೆ.

ಸೋಮವಾರ ಲ್ಯಾಬಿನವನು ನನ್ನ ಬಾಟಲಿಯನ್ನು ಬೆಳಕಿಗೆ ಹಿಡಿದು, "ಸಾರ್, ಇದೇನು ನಲ್ಲಿ ನೀರಾ?" ಎಂದ. ಆಮೇಲೆ ಮ್ಯಾನೇಜರ ಕಡೆ ತಿರುಗಿ, "ಏನಾದ್ರೂ ಮುಚ್ಚಿಡೋರು ಹೀಗೇ ಕುಡ್ಕೊಂಡು ಬರ್ತಾರೆ" ಎಂದುಬಿಟ್ಟ. ಉಳಿದವರೆಲ್ಲ ಪಾಸು. ನಾನೊಬ್ಬ ಕಳ್ಳ! ಕೊನೆಗೆ ಎಲ್ಲರ ಎದುರೇ ಬೈರಾಗಿಯ ಕತೆಯನ್ನು ಅಭಿನಯಸಹಿತ ಹೇಳಬೇಕಾಯಿತು. "ಮೂರು ಸಲನಾ ಸಾರ್?" ಎಂದು ಕುಲುಮೆಯ ಸೆಲ್ವಂ ತುಂಬಾ ಮರ್ಯಾದೆಯಿಂದ ಕೇಳಿದ.

ಮಧ್ಯಾಹ್ನದವರೆಗೆ ಒಂದು ಗುಟುಕು ನೀರೂ ಕೊಡದೆ ಕೂರಿಸಿ, ಮತ್ತೆ ಪರೀಕ್ಷೆ ಮಾಡಿದರು. ಏನೂ ಇರಲಿಲ್ಲ. "ಬಯಲಲ್ಲಿ ಯಾರೋ ಬಿಟ್ಟ ಅಷ್ಟು ಹೊಗೆಗೆಲ್ಲ ಇದ್ರಲ್ಲಿ ಬರಲ್ಲ ಸಾರ್. ನೀರು ಕುಡೀದೆ ಬಂದಿದ್ರೆ ಬೆಳಿಗ್ಗೇನೇ ಮುಗೀತಿತ್ತು" ಎಂದ ಲ್ಯಾಬಿನವನು. ಗಿರಿಜೆ ಹೇಳಿದ್ದೂ ಅದೇ, ಫೀಸಿಲ್ಲದೆ.

ನೌಕರಿ ಉಳಿಯಿತು, ಮರ್ಯಾದೆಯ ಮಾತು ಬಿಡಿ. ಈಗ ಶುಕ್ರವಾರದ ಪೂಜೆಯಲ್ಲಿ ಆರತಿ ತಟ್ಟೆ ನನ್ನ ಹತ್ತಿರ ಬಂದರೆ ಇಡೀ ಕಾರ್ಖಾನೆ ನನ್ನ ಕೈಯನ್ನೇ ನೋಡುತ್ತದೆ. ಇನ್ನು ಕೈ ಕಟ್ಟಿಕೊಂಡೇ ನಿಲ್ಲಬೇಕೆಂದು ಮೊನ್ನೆ ಗಟ್ಟಿ ಮನಸ್ಸು ಮಾಡಿ ಹೋಗಿದ್ದೆ. ತಟ್ಟೆ ಹಿಡಿದಿದ್ದ ಸೆಲ್ವಂ ಮೆಲ್ಲಗೆ, "ಸಾರ್, ಬರೀ ಕರ್ಪೂರ. ಧೈರ್ಯವಾಗಿ ತಗೊಳ್ಳಿ" ಎಂದ. ಅವನು ಮಾತು ಮುಗಿಸುವಷ್ಟರಲ್ಲಿ ನಾನು ಮೂರು ಸಲ ಒತ್ತಿಕೊಂಡಾಗಿತ್ತು.