ಬಾನಿಯಲ್ಲಿ ಕುಳಿತು ಸಣ್ಣಗಾಗಲು ಹೊರಟದ್ದು

ದೊಡ್ಡ ಯುದ್ಧ ನಡೆಯುತ್ತಿದ್ದ ಕಾಲ. ವಿಜಾಪುರದ ಪೇಟೆಯಲ್ಲಿ ಅರಿವೆಗೆ ಕಂಟ್ರೋಲು, ಬೇಕೆಂದಷ್ಟು ಬಟ್ಟೆ ಸಿಗುತ್ತಿರಲಿಲ್ಲ. ಅಂಥ ಒಂದು ಬೇಸಿಗೆಯಲ್ಲಿ ನನ್ನ ತಂಗಿಗೆ ಬಬಲೇಶ್ವರದ ಒಳ್ಳೆಯ ಮನೆತನದಿಂದ ಸಂಬಂಧ ಕೂಡಿಬಂತು. ತಂದೆ ತೀರಿಹೋಗಿದ್ದರಿಂದ, ಗಂಡಿನ ಮನೆಗೆ ಹೋಗಿ ಮಾತು ಮುಗಿಸಬೇಕಾದ ಹಿರಿಯ ನಾನೇ. ಹಿರಿಯನಿಗೆ ಕೋಟು ಬೇಕು. ಕೋಟು ಇತ್ತು. ಅದರ ಗುಂಡಿಗೂ ಕಾಜಿಗೂ ನಡುವೆ ನನ್ನ ಹೊಟ್ಟೆಯೂ ಇತ್ತು!

ಸಿಂಪಿಗ ಕೋಟನ್ನು ಹಿಂದೆ ಮುಂದೆ ತಿರುವಿ ನೋಡಿ, “ಮಾಸ್ತರ್ರ, ಇದನ್ನ ದೊಡ್ಡದು ಮಾಡಾಕ ಅರಿವಿ ಎಲ್ಲೈತ್ರಿ? ನೀವ ಸಣ್ಣ ಆಗಬೇಕು” ಎಂದು ನಕ್ಕ.

ಅವನು ನಗೆಗೆ ಹೇಳಿದ. ನಾನು ಅದನ್ನು ಕರ್ತವ್ಯವೆಂದು ಸ್ವೀಕರಿಸಿದೆ.

ಬಬಲೇಶ್ವರಕ್ಕೆ ಹೋಗುವ ಮೊದಲು ತಿಕೋಟಾದಲ್ಲಿ, ಹೆಂಡತಿ ಗೌರವ್ವನ ತವರುಮನೆಯಲ್ಲಿ ಇಳಿದೆವು. ಅತ್ತೆಯನ್ನೂ ಮೈದುನ ಶಿವಪ್ಪನನ್ನೂ ಜೊತೆಗೆ ಕರೆದೊಯ್ಯುವುದಿತ್ತು. ನಮ್ಮತ್ತೆ ಬಹಳ ಮರ್ಯಾದೆಯ ಹೆಂಗಸು. ನನ್ನ ಮದುವೆಯಾದಂದಿನಿಂದ ಒಮ್ಮೆಯೂ ನನ್ನ ಎದುರು ನಿಂತು ಮಾತಾಡಿದವರಲ್ಲ. ಬಾಗಿಲ ಹಿಂದೆ ನಿಂತು, “ಗೌರವ್ವಾ, ಅವರು ಊಟ ಮಾಡ್ತಾರೇನು ಕೇಳವ್ವಾ” ಎನ್ನುತ್ತಿದ್ದರು. ನಾನು ಗೋಡೆಗೆ ಉತ್ತರ ಕೊಡುತ್ತಿದ್ದೆ.

ಮರುದಿನ ಮುಂಜಾನೆ ಅಡಿಗೆಮನೆಯಲ್ಲಿ ಉಪ್ಪು ಸವರಿಟ್ಟಿದ್ದ ಮಾವಿನ ಹೋಳುಗಳನ್ನು ಕಂಡೆ. ಎಲ್ಲ ಮುದುಡಿ ಸಣ್ಣಗಾಗಿದ್ದವು. ತಳದಲ್ಲಿ ನೀರು ನಿಂತಿತ್ತು.

“ಈ ನೀರು ಯಾರು ಹಾಕಿದ್ರು?” ಎಂದು ಕೇಳಿದೆ.

“ಯಾರೂ ಹಾಕಿಲ್ರಿ. ಉಪ್ಪು ಬಿದ್ರ ಕಾಯಿ ತಾನಽ ನೀರು ಬಿಡತೈತಿ” ಎಂದಳು ಗೌರವ್ವ.

ನನ್ನ ತಲೆಯಲ್ಲಿ ದೀಪ ಹತ್ತಿತು! ಸಾಲೆಯ ವಿಜ್ಞಾನದ ಪುಸ್ತಕದಲ್ಲಿ ಇದನ್ನೇ ಓದಿದ್ದೆ. ತೆಳುವಾದ ಪೊರೆಯ ಒಂದು ಬದಿಗೆ ಉಪ್ಪು ಹೆಚ್ಚಿದ್ದರೆ ಇನ್ನೊಂದು ಬದಿಯ ನೀರು ಅತ್ತ ಹರಿಯುತ್ತದೆ. ಅಭಿಸರಣ ಎಂದು ಅದರ ಹೆಸರು. ಮಾವಿಗೆ ಸಿಪ್ಪೆಯಿದೆ, ನನಗೆ ಚರ್ಮವಿದೆ. ಮಾವು ಸಣ್ಣಗಾಯಿತು. ನಾನೇಕೆ ಆಗಬಾರದು?

ಹೆಂಗಸರು ಶಾವಿಗೆ ಹೊಸೆಯಲು ಪಕ್ಕದ ಮನೆಗೆ ಹೋದರು. ಶಿವಪ್ಪ ಎಮ್ಮೆ ಮೇಯಿಸಲು ಹೋಗಿದ್ದ. ಹಿತ್ತಲಲ್ಲಿ ದನ ನೀರು ಕುಡಿಯುವ ಕಲ್ಲಿನ ಬಾನಿಯಿತ್ತು. ಅದಕ್ಕೆ ಬಾವಿಯ ನೀರು ಸೇದಿ ಹಾಕಿ, ವರ್ಷದ ಉಪ್ಪಿನಕಾಯಿಗೆಂದು ತಂದಿಟ್ಟ ಕಲ್ಲುಪ್ಪನ್ನು ಉದಾರವಾಗಿ ಸುರಿದೆ. ಧೋತರ ಮೇಲೆ ಕಟ್ಟಿ ಒಳಗೆ ಕುಳಿತೆ. ಮುಂಜಾನೆಯಷ್ಟೇ ಗಡ್ಡ ಹೆರೆದುಕೊಂಡಿದ್ದ ಮುಖಕ್ಕೂ ನೀರು ಹಚ್ಚಿಕೊಂಡೆ. ಆಗ ನಾನು ಹಾಕಿದ ಕೂಗು ಪಕ್ಕದ ಮನೆಗೆ ಕೇಳಿಸದಿದ್ದುದು ಹೆಂಗಸರು ಶಾವಿಗೆ ಹೊಸೆಯುತ್ತ ಹೇಳುತ್ತಿದ್ದ ಹಾಡಿನ ಪುಣ್ಯ.

ಹೊರಗಿನ ಉಪಚಾರದ ಜೊತೆ ಒಳಗಿನದೂ ಆದರೆ ಕೆಲಸ ಬೇಗ ಮುಗಿಯುತ್ತದೆ ಎನಿಸಿತು. ಒಂದು ಚರಿಗೆಯಲ್ಲಿ ಉಪ್ಪು ಕದಡಿ, ಮೂಗು ಹಿಡಿದು ಕುಡಿದುಬಿಟ್ಟೆ.

ಬಿಸಿಲು ಏರಿತು. ಬೆರಳ ತುದಿಗಳು ಸುಕ್ಕುಗಟ್ಟಿದವು. ಸಿದ್ಧಾಂತ ಫಲಿಸುತ್ತಿದೆ ಎಂದು ಹಿಗ್ಗಿದೆ. ಆದರೆ ನಾಲಗೆ ಒಣಗಿ ಅಂಗುಳಕ್ಕೆ ಅಂಟಿಕೊಂಡಿತು. ಆಮೇಲೆ ಹೊಟ್ಟೆಯೊಳಗೆ ಗುಡುಗು. ವಾಂತಿಯಾಯಿತು. ಉಳಿದದ್ದೂ ಆಯಿತು. ಅದನ್ನು ಬರೆಯಲು ಲೇಖನಿ ಒಪ್ಪುವುದಿಲ್ಲ! ಏಳಲು ಹೋದರೆ ಮೀನಖಂಡ ಸೆಟೆದು ಮತ್ತೆ ಬಾನಿಯಲ್ಲೇ ಬಿದ್ದೆ.

ಆ ಹೊತ್ತಿಗೆ ಸರಿಯಾಗಿ ಎಮ್ಮೆ ಬಂತು. ಬಾಯಾರಿ ಬಂದ ಅದು ನೀರನ್ನು ಮೂಸಿ ಮುಖ ತಿರುವಿತು. ಆಮೇಲೆ ನನ್ನ ಹೆಗಲ ಮೇಲೆ ಒಣಗಿದ ಉಪ್ಪು ಅದರ ಕಣ್ಣಿಗೆ ಬಿತ್ತು. ಪ್ರೀತಿಯಿಂದ ನೆಕ್ಕತೊಡಗಿತು. ಹೆಗಲು ಮುಗಿಸಿ ತಲೆಗೆ ಬಂತು. ಬೇಡವೆನ್ನಲು ನನಗೆ ದನಿಯಿರಲಿಲ್ಲ.

ಹಿಂದೆಯೇ ಬಂದ ಶಿವಪ್ಪ ಚೀರಿದ: “ಯವ್ವಾ! ಲಗೂನ ಬಾ ಬೇ! ಮಾಮಾ ಬಾನ್ಯಾಗ ಕುಂತಾರ, ಎಮ್ಮಿ ನೆಕ್ಕಾಕತ್ತೈತಿ!”

ಹಿಟ್ಟಿನ ಕೈಯಲ್ಲೇ ಎಲ್ಲರೂ ಓಡಿಬಂದರು. ಗೌರವ್ವ ನನ್ನ ಮುಖ ನೋಡಿ ಅಳತೊಡಗಿದಳು. ನನ್ನ ಕಣ್ಣುಗಳು ಒಳಗೆ ಇಳಿದಿದ್ದವಂತೆ. ಅವಳ ಅಳು ಕೇಳಿ ನನಗೂ ಹೆದರಿಕೆಯಾಯಿತು. ಕೋಟು ಮರೆತುಹೋಯಿತು. ತಂಗಿಯ ಮದುವೆಯನ್ನು ನೋಡಲು ಉಳಿಯುತ್ತೇನೋ ಇಲ್ಲವೋ ಎಂಬ ಚಿಂತೆ ಹತ್ತಿತು.

ಆಗ ಅತ್ತೆ ಸೆರಗನ್ನು ಸೊಂಟಕ್ಕೆ ಸಿಗಿಸಿ ನನ್ನೆದುರು ಬಂದು ಕುಳಿತರು. ನೇರವಾಗಿ ನನ್ನನ್ನೇ ಕೇಳಿದರು: “ಏನ ಕುಡದೀರಿ?”

“ಉಪ್ಪುನೀರು.”

“ಯಾಕ್ರಿ?”

“ಸಣ್ಣ ಆಗಾಕ.”

ಅವರು ಮಗನ ಕಡೆ ತಿರುಗಿದರು. “ಶಿವಪ್ಪಾ, ನೆರಳಿಗೆ ಎತ್ತ. ಗೌರವ್ವಾ, ಅಳೂದು ಆಮ್ಯಾಲಿರಲಿ, ಸೀ ನೀರು ತಾ” ಎಂದರು.

ಗುಟುಕು ಗುಟುಕಾಗಿ ನೀರು ಕುಡಿಸಿದರು. ಕಕ್ಕಿದರೆ ಬಾಯಿ ಒರೆಸಿ ಮತ್ತೆ ಕುಡಿಸಿದರು. ಆಮೇಲೆ ಜೋಳದ ತೆಳು ಗಂಜಿ. ನಡುನಡುವೆ ಒದ್ದೆ ಅರಿವೆಯಿಂದ ಮೈ ಒರೆಸಿದರು. ಸ್ವಂತ ತಾಯಿ ಮಾಡುವುದಕ್ಕಿಂತ ಎಳ್ಳಷ್ಟೂ ಕಡಿಮೆ ಮಾಡಲಿಲ್ಲ. ಇಳಿಹೊತ್ತಿಗೆ ನಾನು ಮೂತ್ರಕ್ಕೆ ಏಳಬೇಕೆಂದಾಗ, ಮೈಯಲ್ಲಿ ನೀರು ನಿಂತಿತೆಂದು ಆ ಮನೆಯಲ್ಲಿ ಆದ ಸಂತೋಷ ನಮ್ಮ ಮದುವೆಯಲ್ಲೂ ಆಗಿರಲಿಲ್ಲ!

ಮಲಗಿದಲ್ಲೇ ನನಗೆ ಶಾಸ್ತ್ರ ತಿಳಿಯಿತು. ಮನುಷ್ಯನ ಚರ್ಮ ಹೆಚ್ಚಿದ ಮಾವಿನ ಹೋಳಲ್ಲ. ಅದು ಅಷ್ಟು ಸುಲಭಕ್ಕೆ ನೀರು ಬಿಡುವುದಿಲ್ಲ. ಕರುಳು ಬಿಡುತ್ತದೆ. ಹೊಟ್ಟೆಗಿಳಿದ ಉಪ್ಪು ಮೈಯ ನೀರನ್ನು ತನ್ನ ಕಡೆ ಎಳೆದುಕೊಂಡು ಹೊರಗೆ ಕಳಿಸಿತ್ತು. ಸಿದ್ಧಾಂತ ಸರಿಯೇ ಇತ್ತು. ಹೊಟ್ಟೆ ಮಾತ್ರ ಇದ್ದಲ್ಲೇ ಇತ್ತು!

ಚೇತರಿಸಿಕೊಂಡ ಮೇಲೆ ಬಂಡಿಯಲ್ಲಿ ಬಬಲೇಶ್ವರಕ್ಕೆ ಹೋದೆವು. ತೀರಿಹೋದ ಮಾವನವರ ಶಾಲನ್ನು ಅತ್ತೆ ನನ್ನ ತೆರೆದ ಕೋಟಿನ ಮೇಲೆ ಹೊದಿಸಿದ್ದರು. ನನಗಿನ್ನೂ ಮಾತಾಡಲು ಶಕ್ತಿಯಿರಲಿಲ್ಲ. ಬೀಗರು ಹೇಳಿದ್ದಕ್ಕೆಲ್ಲ ತಲೆಯಾಡಿಸಿದೆ. ಹೋಳಿಗೆ ಬಡಿಸಿದಾಗ ಕೈಯಡ್ಡ ಹಿಡಿದು, ಅತ್ತೆ ಮನೆಯಿಂದಲೇ ತಂದಿದ್ದ ಗಂಜಿಯನ್ನಷ್ಟೇ ಕುಡಿದೆ. ಮಾತು ಸಲೀಸಾಗಿ ಮುಗಿದು, ಎಲೆಅಡಿಕೆ ಬದಲಾಯಿಸಿಕೊಂಡೆವು.

ನನ್ನ ಕಣ್ಣು ತುಂಬಿತು. ಹೆಂಗಸರ ನಡುವೆ ಕುಳಿತಿದ್ದ ಅತ್ತೆಯ ಕಡೆ ತಿರುಗಿ ಕೈ ಮುಗಿದೆ. ನಮ್ಮಿಬ್ಬರ ನಡುವೆ ಕುಳಿತಿದ್ದ ಬೀಗರ ಹಿರಿಯರು ತಮಗೇ ಮುಗಿದೆನೆಂದು ತಿಳಿದು, ಗಡಬಡಿಸಿ ಎದ್ದು ತಾವೂ ಕೈ ಮುಗಿದರು. ಪಕ್ಕದವರಿಗೆ ಹೇಳಿದ್ದು ನನಗೂ ಕೇಳಿಸಿತು:

“ಹೆಚ್ಚು ಮಾತಿಲ್ಲ, ತಿನ್ನಾಕ ಆಸೆ ಇಲ್ಲ. ಮಾಸ್ತರ್ರು ಭಾಳ ದೊಡ್ಡ ಮನುಷ್ಯಾರು ನೋಡ್ರಿ!”

ಕೋಟು ತಿರುವಿ ನೋಡಿ ಸಿಂಪಿಗನೂ ಅದನ್ನೇ ಹೇಳಿದ್ದ.